ತಂತಿಯ ಕೆಳಗಿನ ಗುಡ್ಲು

ನಮ್ಮ ಅಂಗಳದ ಮೇಲೆ ಹಾದು ಹೋಗಿದ್ದ ಕರೆಂಟು ತಂತಿಗಳ ಮಾತು ಬಂದಾಗಲೆಲ್ಲ ಜನ ಕೇಳುವುದು ಒಂದೇ ಪ್ರಶ್ನೆ, ಅಂಥ ಕಡೆ ಹೋಗಿ ಯಾಕೆ ಮನೆ ಕಟ್ಟಿಕೊಂಡಿರಿ ಅಂತ. ನನಗೆ ಇವತ್ತಿಗೂ ಮೈ ಉರಿಯುತ್ತದೆ. ನಾವು ಹೋಗಿ ತಂತಿಯ ಕೆಳಗೆ ಮನೆ ಕಟ್ಟಲಿಲ್ಲ ಪುಣ್ಯಾತ್ಮರೇ, ತಂತಿಯೇ ಬಂದು ನಮ್ಮ ನೆತ್ತಿಯ ಮೇಲೆ ಕೂತಿತು. ಮನೆ ನನ್ನ ತಾತ ಕಟ್ಟಿಸಿದ್ದು. ತಂತಿ ಬಂದದ್ದು ನಾನು ಮೂರನೇ ಕ್ಲಾಸಿನಲ್ಲಿದ್ದಾಗ, ತೊಂಬತ್ತರ ದಶಕದ ಶುರುವಿನಲ್ಲಿ.

ಊರು ಧರ್ಮಪುರಿ ಜಿಲ್ಲೆಯದು, ಮೆಟ್ಟೂರಿಗೆ ಹತ್ತಿರ. ಮನೆಯಲ್ಲಿ ಆಡುತ್ತಿದ್ದುದು ಕನ್ನಡ, ಸ್ಕೂಲಿನಲ್ಲಿ ಓದುತ್ತಿದ್ದುದು ತಮಿಳು. ಕನ್ನಡದ ಅಕ್ಷರ ನಾನು ಕಲಿತದ್ದು ಮದುವೆಯಾಗಿ ಹೊಳೆಯಾಚೆಯ ಕನ್ನಡ ಸೀಮೆಗೆ ಬಂದ ಮೇಲೆ, ನನ್ನ ಮಗನ ಒಂದನೇ ಕ್ಲಾಸಿನ ಪುಸ್ತಕದಲ್ಲಿ. ಹಾಗಾಗಿ ಇಲ್ಲಿ ತಪ್ಪು ಕಂಡರೆ ಬೈಯಬೇಡಿ. ಬೈದರೂ ನಾನು ಕೇಳಿಸಿಕೊಳ್ಳುವವಳಲ್ಲ.

ಟವರ್ ನಿಲ್ಲಿಸಿದ್ದು ನಮ್ಮ ಕಡಲೆಕಾಯಿ ಹೊಲದ ಅಂಚಿನಲ್ಲಿ. ಅಲ್ಲಿಂದ ತಂತಿಗಳು ನಮ್ಮ ಅಂಗಳದ ಮೇಲೆ ತೂಗಿಕೊಂಡು, ಪಕ್ಕದ ಟೈಲರಣ್ಣನ ಮನೆಯನ್ನು ದಾಟಿ, ಗುಡ್ಡದ ಕಡೆಗೆ ಹೋಗುತ್ತಿದ್ದವು. ಕೆಳಗೆ ಮರ ಇರಬಾರದು ಅಂತ ಅಂಗಳದ ಹುಣಸೆಮರ ಕಡಿದು ಹಾಕಿದರು. ಬಿಸಿಲಿನ ದಿನ ತಂತಿಗಳು ಸುಮ್ಮನಿರುತ್ತಿದ್ದವು. ಮಂಜು ಬಿದ್ದ ಬೆಳಗ್ಗೆ ಮಾತ್ರ ಎಣ್ಣೆಯಲ್ಲಿ ಸಾಸಿವೆ ಹಾಕಿದ ಹಾಗೆ ಚಟಪಟ ಎನ್ನುತ್ತಿದ್ದವು, ಅದರ ಹಿಂದೆ ಗುಂಯ್ ಅಂತ ಒಂದು ಸದ್ದು ಬಿಡದೆ ಇರುತ್ತಿತ್ತು. ಬಟ್ಟೆ ಒಣಗಿಸಲು ಕಟ್ಟಿದ್ದ ಉದ್ದನೆಯ ಕಬ್ಬಿಣದ ತಂತಿ ಮುಟ್ಟಿದರೆ ಬೆರಳ ತುದಿಗೆ ಚುರುಕ್ ಅನ್ನುತ್ತಿತ್ತು. ಕೊಡೆ ಹಿಡಿದು ಅಂಗಳ ದಾಟಿದರೆ ಕೊಡೆಯ ಕಡ್ಡಿ ಕೈಗೆ ಕಚ್ಚುತ್ತಿತ್ತು. ಇಷ್ಟಾದರೂ ನಮ್ಮ ಮನೆಯೊಳಗೆ ಇದ್ದದ್ದು ಒಂದೇ ಬಲ್ಬು, ಅದೂ ಸಂಜೆ ಹೊತ್ತು ಮಿಣಮಿಣ ಎಂದು ಸಾಯುತ್ತಿತ್ತು.

ಅಪ್ಪ ಶಂಕಗಿರಿಯ ಲಾರಿ ಆಫೀಸಿನಲ್ಲಿ ಡ್ರೈವರು. ಮನೆಗೆ ಬರುತ್ತಿದ್ದುದು ಹಬ್ಬಕ್ಕೊಮ್ಮೆ, ಹುಣ್ಣಿಮೆಗೊಮ್ಮೆ. ಒಂದು ಸಲ ಬಂದವನು ಎಲ್ಲಿಂದಲೋ ಒಂದು ಟ್ಯೂಬ್‌ಲೈಟ್ ತಂದು, ಕತ್ತಲಾಗುವ ಹೊತ್ತಿಗೆ ಅಂಗಳದಲ್ಲಿ ಅದನ್ನು ನೆಟ್ಟಗೆ ಎತ್ತಿ ಹಿಡಿದು ನಿಂತ. ವಯರಿಲ್ಲ, ಸ್ವಿಚ್ಚಿಲ್ಲ, ಅದು ಮಂಕಾಗಿ ಹೊತ್ತಿಕೊಂಡಿತು. ಅಪ್ಪ ಹಲ್ಲು ಕಿಸಿದ. ಅಪ್ಪನ ತಾಯಿ, ನಮ್ಮ ಅಜ್ಜಿ, ಚಪ್ಪಾಳೆ ತಟ್ಟಿ ನಕ್ಕಳು. ಅವ್ವ ಮಾತ್ರ ನಗಲಿಲ್ಲ. ನನ್ನ ರಟ್ಟೆ ಹಿಡಿದು ಒಳಗೆ ಎಳೆದುಕೊಂಡು ಬಾಗಿಲು ಹಾಕಿದಳು. "ದೀಪದೊಳಗೆ ಓಗೋದು ನಮ್ಮ ಮೈಯೊಳಗೆ ಓಗಕಿಲ್ವಾ?" ಎಂದಳು.

ಆಮೇಲೆ ಟೈಲರಣ್ಣನಿಗೆ ಕಾಯಿಲೆಯಾಯಿತು. ಊರಿಗೆಲ್ಲ ಬಟ್ಟೆ ಹೊಲಿಯುತ್ತಿದ್ದವನು, ನನ್ನ ಸ್ಕೂಲಿನ ಲಂಗವನ್ನೂ ಹೊಲಿದವನು. ಒಂದು ದೀಪಾವಳಿಗೆ ಅವನು ಹೊಲಿದ ಅಂಗಿಯ ತೋಳು ಒಂದು ಉದ್ದ, ಒಂದು ಗಿಡ್ಡ ಆಯಿತು. ಜನ ರೇಗಿಸಿದರು, ಏನಣ್ಣ, ಜಾಸ್ತಿ ಆಯ್ತಾ ಅಂತ. ಪಾಪ, ಕುಡಿಯುವವನೇ ಅಲ್ಲ. ಪೊಂಗಲ್ ಹೊತ್ತಿಗೆ ಬೆಳಗಾದರೆ ತಲೆ ಹಿಡಿದುಕೊಂಡು ವಾಂತಿ ಮಾಡುತ್ತಿದ್ದ. ಸೇಲಂಗೆ ಕರೆದುಕೊಂಡು ಹೋದರು, ತಲೆಯೊಳಗೆ ಕಟ್ಟಿ ಇದೆ ಎಂದರಂತೆ. ಕಟ್ಟಿ ಎಂದರೆ ಗೆಡ್ಡೆ. ತಮಿಳಿನ ಮಾತು, ನಮ್ಮೂರ ಕನ್ನಡದಲ್ಲೂ ಅದನ್ನೇ ಅನ್ನುವುದು. ಬೇಸಿಗೆ ಮುಗಿಯುವುದರೊಳಗೆ ಅವನು ಹೋಗಿಬಿಟ್ಟ.

ಅಷ್ಟಕ್ಕೇ ನಿಂತಿದ್ದರೆ ಊರು ಮರೆಯುತ್ತಿತ್ತೋ ಏನೋ. ಆದರೆ ಟೀ ಅಂಗಡಿಗೆ ಬಂದ ಒಂದು ತಮಿಳು ವಾರಪತ್ರಿಕೆಯಲ್ಲಿ ಇದೇ ವಿಷಯ ಬರೆದಿತ್ತು. ದೊಡ್ಡ ಕರೆಂಟು ಲೈನಿನ ಕೆಳಗೆ ವಾಸ ಇರುವವರಿಗೆ ತಲೆಯಲ್ಲಿ ಕಟ್ಟಿ ಬರುತ್ತದೆಯೋ ಇಲ್ಲವೋ ಅಂತ ಹೊರದೇಶದಲ್ಲಿ ವಾದ ನಡೆಯುತ್ತಿದೆ, ಹೌದು ಅನ್ನುವವರೂ ಇದ್ದಾರೆ, ಇಲ್ಲ ಅನ್ನುವವರೂ ಇದ್ದಾರೆ ಅಂತ. ನಮ್ಮ ಸ್ಕೂಲಿನ ಮೇಷ್ಟ್ರು ಅದನ್ನು ಜೋರಾಗಿ ಓದಿ ಹೇಳಿದರು. ಟೀ ಕುಡಿಯುತ್ತಿದ್ದವರ ಕಿವಿಗೆ ಬಿದ್ದದ್ದು 'ಹೌದು' ಒಂದೇ. ನೀರು ತರಲು ಹೋಗಿದ್ದ ಅವ್ವ ಅಲ್ಲೇ ಬಿಂದಿಗೆ ಇಳಿಸಿ ನಿಂತು ಕೇಳಿದಳು. ಅವತ್ತಿನಿಂದ ನಮ್ಮ ಮನೆಯಲ್ಲಿ ಬೆಳಗ್ಗೆ ಎದ್ದರೆ ಮೊದಲ ಮಾತು, "ತಲೆನೋವು ಐತಾ ಮಗ?"

ಐತೆ ಅಂತ ನಾನು ಹೇಳುತ್ತಿದ್ದೆ. ಸುಳ್ಳಲ್ಲ, ನಿಜವಾಗಿ ನೋಯುತ್ತಿತ್ತು. ಹಣೆಯ ಹಿಂದೆ, ಕಣ್ಣಿನ ಮೇಲೆ. ಅವ್ವ ನೆತ್ತಿಗೆ ಹರಳೆಣ್ಣೆ ಒತ್ತಿ, ಬೆರಳುಗಳಿಂದ ಬುರುಡೆಯೆಲ್ಲ ಸವರಿ ನೋಡುತ್ತಿದ್ದಳು. ಉಜ್ಜುವ ನೆವದಲ್ಲಿ ಗೆಡ್ಡೆ ಹುಡುಕುತ್ತಿದ್ದಾಳೆ ಅಂತ ನನಗೆ ಗೊತ್ತಾಗುತ್ತಿತ್ತು. ಕಿವಿಯ ಹಿಂದಿನ ಎಲುಬಿನ ಹತ್ತಿರ ಬಂದಾಗ ಅವಳ ಕೈ ಒಂದು ಕ್ಷಣ ನಿಲ್ಲುತ್ತಿತ್ತು. ನನ್ನ ಉಸಿರೂ ನಿಲ್ಲುತ್ತಿತ್ತು.

ಏಳನೇ ಕ್ಲಾಸಿಗೆ ಬಂದಾಗ ಇನ್ನೊಂದು ಶುರುವಾಯಿತು. ಬೋರ್ಡಿನ ಮೇಲಿನ ಲೆಕ್ಕವನ್ನು ನಾನು ತಪ್ಪು ತಪ್ಪಾಗಿ ಬರೆದುಕೊಳ್ಳುತ್ತಿದ್ದೆ. ಮೂರು ಇದ್ದ ಕಡೆ ಎಂಟು, ಒಂದು ಇದ್ದ ಕಡೆ ಏಳು. ಮೇಷ್ಟ್ರು ಕಿವಿ ಹಿಂಡಿದರು, ಬುದ್ಧಿ ಎಲ್ಲಿ ಅಡ ಇಟ್ಟಿದೀಯ ಅಂದರು. ನನಗೆ ನೆನಪಾದದ್ದು ಟೈಲರಣ್ಣನ ಉದ್ದ ತೋಳು, ಗಿಡ್ಡ ತೋಳು. ಅವನಿಗೆ ಕೈ ತಪ್ಪಿದಂತೆ ನನಗೂ ತಪ್ಪುತ್ತಿದೆ, ಇನ್ನು ವಾಂತಿ ಒಂದು ಬಾಕಿ ಎಂದುಕೊಂಡೆ. ಯಾರಿಗೂ ಹೇಳಲಿಲ್ಲ. ಹೇಳಿದರೆ ಅದು ನಿಜವಾಗಿಬಿಡುತ್ತದೆ ಎಂಬ ಹೆದರಿಕೆ. ಸತ್ತ ಮೇಲೆ ನನ್ನ ಪೆನ್ಸಿಲ್ ಡಬ್ಬಿ ಯಾರಿಗೆ ಕೊಡಬೇಕು ಅಂತ ಕೂಡ ಯೋಚಿಸಿ ಇಟ್ಟುಕೊಂಡಿದ್ದೆ.

ಅದೇ ವರ್ಷ ನಾನು ದೊಡ್ಡವಳಾದೆ.

ನಮ್ಮ ಕಡೆ ಹುಡುಗಿ ದೊಡ್ಡವಳಾದರೆ ಮನೆಯೊಳಗೆ ಮಲಗುವ ಹಾಗಿಲ್ಲ. ಅವ್ವನ ತಮ್ಮ, ಸೋದರಮಾವ, ಹಸಿ ಸೊಪ್ಪು ತಂದು ಅಂಗಳದಲ್ಲಿ ಗುಡ್ಲು ಹಾಕಬೇಕು. ತಲೆಗೆ ನೀರು ಹಾಕಿ ಒಸಗೆ ಮಾಡುವ ತನಕ ಹುಡುಗಿ ಅದರೊಳಗೇ ಇರಬೇಕು. ಯಾರೂ ಮುಟ್ಟುವಂತಿಲ್ಲ. ಆ ದಿನಗಳಲ್ಲಿ ಗಾಳಿ, ದೆವ್ವ ಬೇಗ ಮೆಟ್ಟಿಕೊಳ್ಳುತ್ತವೆ ಅಂತ ಕೈಯ ಹತ್ತಿರ ಒಂದು ಕಬ್ಬಿಣ ಇಟ್ಟುಕೊಂಡೇ ಇರಬೇಕು.

ಮಾವ ಸೈಕಲ್ಲಿನ ಹಿಂದೆ ಹೊಂಗೆ ಸೊಪ್ಪು, ತೆಂಗಿನ ಗರಿ ಕಟ್ಟಿಕೊಂಡು ನಗುತ್ತಾ ಬಂದ. ಸೊಪ್ಪು ಇಳಿಸುವ ಮೊದಲೇ ಅವ್ವ ಅಡ್ಡ ನಿಂತಳು.

"ಇಲ್ಲಿ ಬ್ಯಾಡ. ಕರೆಂಟು ಕಂಬಿ ಕೆಳಗೆ ನನ್ನ ಮಗಳನ್ನ ಮಲಗ್ಸಕಿಲ್ಲ. ಬಾವಿ ಅತ್ರ ಆಕು."

ಅಜ್ಜಿ ಜಗಲಿಯಿಂದ ಇಳಿದು ಬಂದಳು. "ಬಾವಿ ಅತ್ರನಾ? ಮೈ ನೆರೆದ ಹುಡ್ಗೀನ ಬಾವಿ ದಡದಾಗೆ ಕೂರ್ಸಿ ದೆವ್ವಕ್ಕೆ ಎಲೆ ಆಕ್ತೀಯಾ? ಎಳೇ ವಯಸ್ಸಿಗೇ ಮದ್ವೆಯಾಗಿ ಬಂದ ನಾನು, ನನ್ನ ನಾದಿನೀರು, ಎಲ್ರೂ ಈ ಅಂಗಳದಾಗೇ ಗುಡ್ಲಲ್ಲಿ ಕೂತೋರು."

"ನೀವು ಕೂತಾಗ ಮೇಲೆ ಕಂಬಿ ಇತ್ತಾ ಅತ್ತೆ?"

"ಕಂಬಿ ಇರ್ಲಿಲ್ಲ, ಮಾತಾಡೋ ಸೊಸೇರೂ ಇರ್ಲಿಲ್ಲ."

ಕೊನೆಗೆ ಗೆದ್ದವಳು ಅಜ್ಜಿ. ಅಪ್ಪ ಆಗ ಲಾರಿಯ ಜೊತೆ ಎಲ್ಲೋ ಉತ್ತರದ ಕಡೆ, ವಡನಾಡಿನಲ್ಲಿದ್ದ, ಕೇಳಲು ಯಾರೂ ಇರಲಿಲ್ಲ. ಗುಡ್ಲು ಅಂಗಳದಲ್ಲೇ ಎದ್ದಿತು. ಅಜ್ಜಿ ಕುಡುಗೋಲು ತಂದು ನನ್ನ ಕೈಗೆ ಕೊಡಲು ಹೋದಳು. ಅವ್ವ ಅದನ್ನು ಕಿತ್ತುಕೊಂಡಳು. ಬಟ್ಟೆ ತಂತಿ ಚುರುಕ್ ಅನ್ನುತ್ತದೆ, ಕೊಡೆ ಕಡ್ಡಿ ಕಚ್ಚುತ್ತದೆ, ಕಬ್ಬಿಣ ಇದ್ದ ಕಡೆಗೆ ಕರೆಂಟು ಇಳಿಯುತ್ತದೆ, ಇದು ಅವಳ ಲೆಕ್ಕ. ಕಬ್ಬಿಣ ಇಲ್ಲದಿದ್ದರೆ ದೆವ್ವ ಇಳಿಯುತ್ತದೆ, ಅದು ಅಜ್ಜಿಯ ಲೆಕ್ಕ. ಇಬ್ಬರೂ ಕುಡುಗೋಲಿನ ಒಂದೊಂದು ತುದಿ ಹಿಡಿದು ನಿಂತಿದ್ದರು. ನಾನು ಗುಡ್ಲಿನ ಬಾಗಿಲಲ್ಲಿ ಚಾಪೆಯ ಮೇಲೆ ಕೂತು ನೋಡುತ್ತಿದ್ದೆ. ನನಗೆ ದೆವ್ವವೂ ಬೇಡವಾಗಿತ್ತು, ಕರೆಂಟೂ ಬೇಡವಾಗಿತ್ತು.

ಮಾವ ಪಾಪ, ಅಕ್ಕನಿಗೂ ಹೆದರಬೇಕು, ಅಕ್ಕನ ಅತ್ತೆಗೂ ಹೆದರಬೇಕು. ಅವನು ಸೈಕಲ್ಲಿನ ಹಳೇ ಟ್ಯೂಬು ಕತ್ತರಿಸಿ ಕುಡುಗೋಲಿಗೆ ಸುತ್ತತೊಡಗಿದ. "ರಬ್ಬರಿಗೆ ಕರೆಂಟ್ ಅತ್ತಕಿಲ್ಲ ಅಕ್ಕ," ಎಂದ.

ಅಜ್ಜಿ ಸೊಂಟಕ್ಕೆ ಕೈ ಇಟ್ಟಳು. "ಕಬ್ಬಿಣ ಕಂಡ್ರೆ ತಾನೇ ದೆವ್ವ ಎದ್ರೋದು? ಬಟ್ಟೆ ಸುತ್ತಿ ಮಲಗ್ಸಿದ ಕೂಸಂಗೆ ಮಾಡಿದ್ರೆ ಅದ್ಕೆಂಗೆ ಗೊತ್ತಾಯ್ತದೆ?"

"ತುದಿ ಬಿಟ್ಟಿವ್ನಿ ಅತ್ತೆ. ಹಿಡಿ ಮಗೂಗೆ, ತುದಿ ದೆವ್ವಕ್ಕೆ."

ನನಗೆ ನಗು ಬಂತು. ಅದೇ ಕೊನೆ, ಆಮೇಲೆ ಗುಡ್ಲಿನೊಳಗೆ ನಾನು ನಗಲಿಲ್ಲ. ಹಸಿ ಸೊಪ್ಪಿನ ವಾಸನೆ, ಮೇಲೆ ಗುಂಯ್ ಎನ್ನುವ ಸದ್ದು. ಮನೆಯೊಳಗೆ ಇದ್ದಾಗ ಗೋಡೆ ಇತ್ತು, ಹೆಂಚು ಇತ್ತು, ಅವ್ವನ ಬೆನ್ನು ಇತ್ತು. ಇಲ್ಲಿ ಎಲೆ ಬಿಟ್ಟರೆ ತಂತಿ. ಸೊಪ್ಪಿನ ಸಂದಿಯಲ್ಲಿ ಕಣ್ಣು ಇಟ್ಟರೆ ಕರಿ ಗೆರೆಗಳ ಹಾಗೆ ಕಾಣುತ್ತಿದ್ದವು, ಗೆರೆ ಒಂದು ಇದ್ದದ್ದು ಎರಡಾಗಿ ಕಾಣುತ್ತಿತ್ತು. ಕಣ್ಣು ಉಜ್ಜಿ ಮತ್ತೆ ನೋಡುತ್ತಿದ್ದೆ. ರಬ್ಬರು ಸುತ್ತಿದ ಕುಡುಗೋಲನ್ನು ಒಮ್ಮೆ ಹತ್ತಿರ ಎಳೆದುಕೊಳ್ಳುತ್ತಿದ್ದೆ, ಒಮ್ಮೆ ಕಾಲಿನಿಂದ ದೂರ ತಳ್ಳುತ್ತಿದ್ದೆ. ಬೇಕೆಂದೇ ಅದರ ತುದಿಗೆ ಬೆರಳು ಇಟ್ಟು ನೋಡಿದೆ. ಚುರುಕ್ ಅಂದಿತೋ, ಅನ್ನುತ್ತದೆ ಅಂತ ಹೆದರಿದ್ದಕ್ಕೆ ಹಾಗೆ ಅನಿಸಿತೋ, ಇವತ್ತಿಗೂ ಹೇಳಲಾರೆ.

ದೊಡ್ಡವಳಾದವಳಿಗೆ ಸೊಂಟ ಗಟ್ಟಿಯಾಗಲಿ ಅಂತ ಬೆಳಗ್ಗೆ ಹಸಿ ಮೊಟ್ಟೆ ಒಡೆದು ಬಾಯಿಗೆ ಬಿಟ್ಟು, ಮೇಲೆ ಒಂದು ಲೋಟ ಎಳ್ಳೆಣ್ಣೆ ಕುಡಿಸುವುದು ವಾಡಿಕೆ. ಮಧ್ಯಾಹ್ನ ಕಳಿ, ಅಂದರೆ ಉದ್ದಿನ ಹಿಟ್ಟಿನ ಮುದ್ದೆ, ಅದರ ಮೇಲೂ ಎಣ್ಣೆ. ಅಜ್ಜಿ ದೂರದಿಂದಲೇ ಲೋಟ ಇಟ್ಟು, ಕುಡಿಯುವ ತನಕ ಎದುರಿಗೆ ಕೂತಿರುತ್ತಿದ್ದಳು. ಮಂಜು ಕವಿದ ಒಂದು ಬೆಳಗ್ಗೆ, ತಂತಿಗಳು ಎಂದೂ ಇಲ್ಲದಷ್ಟು ಜೋರಾಗಿ ಚಟಪಟ ಅನ್ನುತ್ತಿದ್ದಾಗ, ಎಣ್ಣೆ ಕುಡಿದ ಸ್ವಲ್ಪ ಹೊತ್ತಿಗೆ ನನ್ನ ತಲೆ ಸಿಡಿಯತೊಡಗಿತು. ಗುಡ್ಲಿನ ಬಾಗಿಲಿಗೆ ತೆವಳಿಕೊಂಡು ಬಂದು ವಾಂತಿ ಮಾಡಿದೆ. ಮತ್ತೆ ಮಾಡಿದೆ. ಬಾಕಿ ಇದ್ದದ್ದು ಬಂತು ಎಂದುಕೊಂಡೆ. ನೆಲ ಹಿಡಿದುಕೊಂಡೆ.

"ಅವ್ವ," ಎಂದು ಕೂಗಿದೆ. "ಟೈಲರಣ್ಣಂಗೆ ಬಂದಿದ್ದೇ ನಂಗೂ ಬಂದೈತೆ."

ಅವ್ವ ಓಡಿ ಬಂದಳು. ಮುಟ್ಟಬಾರದು ಅನ್ನುವುದನ್ನೆಲ್ಲ ಗಾಳಿಗೆ ತೂರಿ ಗುಡ್ಲಿನೊಳಗೆ ನುಗ್ಗಿ ನನ್ನನ್ನು ಬಾಚಿ ತಬ್ಬಿಕೊಂಡಳು. ನನ್ನ ತಲೆಯನ್ನು ಎರಡೂ ಕೈಯಿಂದ ಮುಚ್ಚಿ ಹಿಡಿದಳು, ಮೇಲಿನಿಂದ ಏನೋ ಬೀಳುತ್ತಿದೆ ಅನ್ನುವ ಹಾಗೆ. ಅವಳ ಎದೆ ಡವಡವ ಹೊಡೆದುಕೊಳ್ಳುವುದು ನನ್ನ ಕಿವಿಗೆ ಕೇಳುತ್ತಿತ್ತು. ಅವ್ವನಿಗೇ ಇಷ್ಟು ಹೆದರಿಕೆ ಆದರೆ ನಾನು ಬದುಕುವುದಿಲ್ಲ ಎಂದು ನನಗೆ ಆಗ ಖಾತ್ರಿಯಾಯಿತು.

"ಸೇಲಂಗೆ ಕರ್ಕೊಂಡು ಓಯ್ತೀನಿ," ಎಂದಳು. ನೀರು ಹಾಕದ ಹುಡುಗಿಯನ್ನು ಅಂಗಳ ದಾಟಿಸಿ ಬಸ್ಸು ಹತ್ತಿಸುವುದು ಎಂದರೆ ಅಜ್ಜಿಗೆ ಪ್ರಾಣ ಹೋದಂತೆ. ಆದರೆ ನನ್ನ ಮುಖ ನೋಡಿ ಅವಳೂ ಬೆದರಿದಳು. ಒಂದೇ ಮಾತು ಹೇಳಿದಳು, "ಕಬ್ಬಿಣ ಬಿಟ್ಟು ಓಗ್ಬ್ಯಾಡಿ." ಮಾವ ಕುಡುಗೋಲನ್ನು ಬಟ್ಟೆ ಚೀಲಕ್ಕೆ ಹಾಕಿಕೊಂಡ.

ಮೆಟ್ಟೂರಿಗೆ ಒಂದು ಬಸ್ಸು, ಅಲ್ಲಿಂದ ಸೇಲಂಗೆ ಇನ್ನೊಂದು. ದಾರಿಯುದ್ದಕ್ಕೂ ನನಗೆ ಕಂಡದ್ದು ಟವರುಗಳೇ. ಒಂದು ಹಿಂದೆ ಹೋಯಿತು ಅನ್ನುವಷ್ಟರಲ್ಲಿ ಮುಂದೆ ಇನ್ನೊಂದು ನಿಂತಿರುತ್ತಿತ್ತು. ಅವ್ವ ನನ್ನ ತಲೆಗೆ ಸೆರಗು ಹೊದಿಸಿ ತನ್ನ ತೊಡೆಗೆ ಒತ್ತಿಕೊಂಡಿದ್ದಳು.

ಡಾಕ್ಟರು ಮಾತಾಡಿಸಿ, ಕಣ್ಣಿಗೆ ಬೆಳಕು ಬಿಟ್ಟು, ಮೊದಲು ಸ್ಕ್ಯಾನ್ ತೆಗೆಸಿ ಬನ್ನಿ ಎಂದರು. ಸ್ಕ್ಯಾನಿನ ಜಾಗದಲ್ಲಿ ಓಲೆ, ಹೇರ್‌ಪಿನ್ನು ಎಲ್ಲ ಬಿಚ್ಚಿಸಿದರು. ಮೈಮೇಲೆ ಇನ್ನೇನಾದರೂ ಕಬ್ಬಿಣ ಇದೆಯಾ ಅಂತ ಅಲ್ಲಿನ ಹೆಂಗಸು ಕೇಳಿದಳು. ಮಾವ ಸುಮ್ಮನಿರಬೇಕೋ ಬೇಡವೋ, ಚೀಲದಿಂದ ಕುಡುಗೋಲು ತೆಗೆದು ಇದನ್ನ ಮಗೂನ ಪಕ್ಕದಲ್ಲಿ ಇಡಬೇಕು ಎಂದ. ಆ ಹೆಂಗಸು ಎರಡು ಹೆಜ್ಜೆ ಹಿಂದಕ್ಕೆ ಹೋಗಿ ವಾಚ್‌ಮನ್ನನ್ನು ಕೂಗಿದಳು. ಆಸ್ಪತ್ರೆಗೆ ಯಾರಾದರೂ ಕುಡುಗೋಲು ತರುತ್ತಾರಾ ಅಂತ ತಮಿಳಿನಲ್ಲಿ ಬೈದದ್ದು ನಾಲ್ಕು ರೂಮಿಗೆ ಕೇಳಿಸಿತು. ಮಾವನೂ ಕುಡುಗೋಲೂ ರಸ್ತೆಗೆ ಬಿದ್ದರು.

ಆ ಯಂತ್ರ ದೊಡ್ಡ ಬಳೆಯ ಹಾಗೆ ನಿಂತಿತ್ತು. ನನ್ನನ್ನು ಹಲಗೆಯ ಮೇಲೆ ಮಲಗಿಸಿ ತಲೆಯನ್ನು ಅದರೊಳಗೆ ತಳ್ಳಿದರು. ಅದು ಗುಂಯ್ ಅಂದಿತು. ನಮ್ಮ ಅಂಗಳದ ಮೇಲಿನ ಸದ್ದೇ, ಈಗ ನನ್ನ ಕಿವಿಯ ಪಕ್ಕದಲ್ಲಿ. ನಾನು ಕಿರುಚಿದೆ. ಹೊರಗಿನಿಂದ ಅವ್ವ ಬಾಗಿಲು ಬಡಿದಳು. "ಕರೆಂಟಿಗೆ ಎದ್ರಿ ಬಂದೋರ ತಲೇನ ಕರೆಂಟಿನೊಳಗೇ ತುರುಕ್ತೀರಾ?" ಅವಳ ಕನ್ನಡ ಅಲ್ಲಿ ಯಾರಿಗೂ ಅರ್ಥವಾಗಲಿಲ್ಲ. ಅಲ್ಲಾಡಬೇಡ ಅಂದಿದ್ದರು. ನಾನು ಕಣ್ಣು ಮುಚ್ಚಿ, ಹಲ್ಲು ಕಚ್ಚಿ, ಹೆಣದ ಹಾಗೆ ಮಲಗಿದೆ.

ಮಧ್ಯಾಹ್ನ ಕಳೆದ ಮೇಲೆ ಡಾಕ್ಟರು ಕರೆದರು. ಕರಿ ಹಾಳೆಯನ್ನು ಬೆಳಕಿಗೆ ಹಿಡಿದು, "ಕಟ್ಟಿ ಗಿಟ್ಟಿ ಒನ್ನುಮ್ ಇಲ್ಲಮ್ಮಾ," ಎಂದರು. ಗೆಡ್ಡೆ ಗಿಡ್ಡೆ ಏನೂ ಇಲ್ಲ. ಹುಡುಗಿಯ ಕಣ್ಣು ಮಂಜು, ಅದಕ್ಕೇ ತಲೆನೋವು, ಕನ್ನಡಕ ಹಾಕಿಸಿ. ವಾಂತಿಗೆ ಕಾರಣ ಅಷ್ಟು ಹಸಿ ಮೊಟ್ಟೆ, ಅಷ್ಟು ಎಣ್ಣೆ, ಇನ್ನೇನು? ನಾನು ಅವರ ಬಾಯನ್ನೇ ನೋಡುತ್ತಿದ್ದೆ. "ಹಾಗಾದರೆ ನಾನು ಸಾಯಲ್ವಾ?" ಅಂತ ತಮಿಳಿನಲ್ಲೇ ಕೇಳಿದೆ. ಡಾಕ್ಟರು ನಕ್ಕರು. ಅವ್ವ ನಗಲಿಲ್ಲ, ನನ್ನ ಕಡೆ ತಿರುಗಿ ನನ್ನ ಮುಖ ನೋಡಿದಳು. ಅಷ್ಟು ದಿನ ನಾನು ಒಳಗೊಳಗೇ ಏನು ಹೊತ್ತುಕೊಂಡಿದ್ದೆ ಅಂತ ಅವಳಿಗೆ ಗೊತ್ತಾದದ್ದು ಆಗಲೇ ಇರಬೇಕು.

ಆಮೇಲೆ ಅವಳು ತಮಿಳಿನಲ್ಲಿ ಡಾಕ್ಟರನ್ನು ಕೇಳಿದಳು. "ಇನ್ನು ಮುಂದೆ ಬರುತ್ತಾ ಸಾರ್? ಆ ಲೈನಿನಿಂದ?"

ಡಾಕ್ಟರು ಸುಳ್ಳು ಹೇಳುವವರಲ್ಲ. ಅದು ಬರುತ್ತದೆ ಅಂತ ಯಾರೂ ಸಾಬೀತು ಮಾಡಿಲ್ಲ, ಬರುವುದೇ ಇಲ್ಲ ಅಂತ ನಾನು ಬರೆದುಕೊಡಲಾರೆ, ಅಷ್ಟು ಭಯ ಇದ್ದರೆ ದೂರ ಇರಿ ಎಂದರು. ಒಳ್ಳೆಯ ಮನುಷ್ಯ. ಆದರೆ ಆ ಒಂದು ಮಾತಿನಿಂದ ನನ್ನ ಮನೆ ಹೋಯಿತು.

ಸೇಲಂ ಬಸ್ ಸ್ಟ್ಯಾಂಡಿನಲ್ಲಿ ಅವ್ವ ಮೆಟ್ಟೂರು ಬಸ್ಸಿನ ಕಡೆ ಹೋಗಲಿಲ್ಲ. ಹರೂರಿನ ಬಸ್ಸು ಹತ್ತಿಸಿದಳು. ಹರೂರಿನಲ್ಲಿ ಅವಳ ತಂಗಿ, ನನ್ನ ಚಿಕ್ಕಮ್ಮ ಇದ್ದಳು. ನನ್ನ ತಲೆಗೆ ನೀರು ಹಾಕಿದ್ದು ಅಲ್ಲೇ, ಒಸಗೆ ಆದದ್ದೂ ಅಲ್ಲೇ. ಅಜ್ಜಿ ಮುಖ ದಪ್ಪ ಮಾಡಿಕೊಂಡು ಆರತಿ ತಟ್ಟೆ ಸಮೇತ ಬಸ್ಸಿಳಿದಳು. ಎಂಟನೇ ಕ್ಲಾಸಿಗೆ ನನ್ನನ್ನು ಅಲ್ಲಿನ ಸ್ಕೂಲಿಗೇ ಸೇರಿಸಿ, ಚಿಕ್ಕಮ್ಮನ ಹತ್ತಿರ ಬಿಟ್ಟು, ಅವ್ವ ಊರಿಗೆ ವಾಪಸಾದಳು. ಕನ್ನಡಕ ಬಂತು, ತಲೆನೋವು ಹೋಯಿತು, ಲೆಕ್ಕ ಸರಿಯಾಯಿತು. ಇಷ್ಟೇ ಆಗಿದ್ದರೆ ಎಷ್ಟು ಚೆನ್ನಾಗಿತ್ತು.

ರಜೆಗೆ ಊರಿಗೆ ಹೋಗುತ್ತಿದ್ದೆ. ಹೋಗುವುದು ಅಂದರೆ ಬೆಳಗಿನ ಬಸ್ಸಿಗೆ ಹೋಗಿ ಸಂಜೆಯ ಬಸ್ಸಿಗೆ ವಾಪಸು. ಒಂದು ಹೊತ್ತಿನ ಊಟ. ಬಿಸಿಲು ಇಳಿಯುತ್ತಿದ್ದ ಹಾಗೆ ಅವ್ವ ಒಳಗೂ ಹೊರಗೂ ಓಡಾಡಲು ಶುರು ಮಾಡುತ್ತಿದ್ದಳು. ನಿಂತಲ್ಲಿ ನಿಲ್ಲುತ್ತಿರಲಿಲ್ಲ. ನನ್ನ ತಟ್ಟೆಯಲ್ಲಿ ಅನ್ನ ಇದ್ದ ಹಾಗೇ, "ಏಳು, ಬಸ್ ಬರ್ತೈತೆ," ಎನ್ನುತ್ತಿದ್ದಳು. ಒಮ್ಮೆ ಮಳೆಗೆ ಬಸ್ಸು ತಪ್ಪಿತು. ನನ್ನನ್ನು ಅಂಗಳಕ್ಕೆ ಕಾಲಿಡಲು ಬಿಡದೆ ದಾರಿಯಿಂದಲೇ ತಿರುಗಿಸಿ, ಊರ ಆಚೆ ಪರಿಚಯದವರ ಮನೆಯಲ್ಲಿ ಮಲಗಿಸಿ ಹೋದಳು. ಆ ಮನೆಯ ಹುಡುಗಿಯರು ಕೇಳಿದರು, ನಿಮ್ಮವ್ವಂಗೆ ನೀನು ಬ್ಯಾಡ್ವಾ ಅಂತ. ನಾನು ಗೋಡೆಯ ಕಡೆ ತಿರುಗಿ ಮಲಗಿ ಅತ್ತೆ.

ಹತ್ತನೇ ಕ್ಲಾಸಿನ ಪರೀಕ್ಷೆ ಮುಗಿಸಿ ಬಂದ ದಿನ ನನ್ನ ಸಿಟ್ಟು ಕಟ್ಟೆ ಒಡೆಯಿತು. ಅವ್ವ ಎಂದಿನಂತೆ ನನ್ನ ಚೀಲ ಹಿಡಿದು ಬಸ್ ನಿಲ್ಲುವ ಜಾಗಕ್ಕೆ ಕರೆತಂದಿದ್ದಳು. ಇನ್ನೂ ಬಿಸಿಲಿತ್ತು.

"ನಾನು ಓಗಕಿಲ್ಲ," ಎಂದೆ. "ಅಜ್ಜಿ ಅಲ್ಲೇ ಮಲಗ್ತಾಳೆ. ಅಪ್ಪ ಬಂದ್ರೆ ಅಲ್ಲೇ ಮಲಗ್ತಾನೆ. ನೀನೂ ದಿನಾ ಅಲ್ಲೇ ಮಲಗ್ತೀಯ. ನಿಮಗೆಲ್ಲ ಬರದ ಕಾಯಿಲೆ ನಂಗೊಬ್ಳಿಗೆ ಬರ್ತದಾ? ನಿಂಗೆ ನಾನು ಬ್ಯಾಡ, ಅದ್ಕೆ ಕಂಬಿ ಒಂದು ನೆವ."

ಅವ್ವ ಬೈಯಲಿಲ್ಲ. ನಾನು ಬೈಗುಳಕ್ಕೆ ಕಾದು ನಿಂತಿದ್ದೆ.

"ಮಾರಿ ಮನೆಗೊಂದು ಬಲಿ ಕೇಳಂಗೆ ಆ ಕಂಬೀನೂ ಕೇಳ್ತೈತೆ ಅಂತ ನಂಗನ್ನಿಸ್ತೈತೆ," ಎಂದಳು. "ಪಕ್ಕದ ಮನೇಲಿ ಒಬ್ರನ್ನ ತಕೊಂತು. ನಮ್ಮನೇಲೂ ಒಬ್ರು ಬೇಕು ಅಂದ್ರೆ ತಕೊಳ್ಳಿ, ನಾನಿವ್ನಿ. ನಾನೂ ಎದ್ದು ಬಂದ್ಬಿಟ್ರೆ ಅದು ನಿನ್ನ ಉಡುಕ್ಕೊಂಡು ಬಂದ್ರೆ ಏನ್ ಮಾಡ್ಲಿ?"

ಸಂತೆಯಲ್ಲಿ ಬೆಲೆ ಹೇಳುವಷ್ಟು ಸಾದಾ ದನಿಯಲ್ಲಿ ಹೇಳಿದಳು. ಪ್ರತಿ ದಿನ ದೀಪ ಆರಿಸಿ ಆ ತಂತಿಯ ಕೆಳಗೆ ಅವಳು ಮಲಗುತ್ತಿದ್ದುದು, ಅದು ತನ್ನನ್ನೇ ತೆಗೆದುಕೊಳ್ಳಲಿ ಅಂತ.

ಬಸ್ಸು ಬಂತು. ಅವಳು ನನ್ನ ಬೆನ್ನಿಗೆ ಕೈ ಹಾಕಿ ತಳ್ಳಿದಳು, ನಾನು ಹತ್ತಿದೆ. ಬೇಡ ಅವ್ವ, ನೀನೂ ಬಾ ಅನ್ನುವಷ್ಟರಲ್ಲಿ ಬಸ್ಸು ಹೊರಟಿತು. ಅದುವರೆಗೆ ನಾನು ಹೆದರಿದ್ದು ನನ್ನ ತಲೆಗೆ ಮಾತ್ರ. ಅವತ್ತು ಕಿಟಕಿಯ ಸೀಟಿನಲ್ಲಿ ಕೂತು, ಚೀಲ ಮಡಿಲಲ್ಲಿ ಇಟ್ಟುಕೊಂಡು, ಅವಳ ತಲೆಗೆ ಹೆದರಿ ಹರೂರಿನ ತನಕ ನಡುಗಿದೆ.